ಕಳೆಯುವುದನ್ನು ಬಿಟ್ಟು ಭಾಗಿಸುವುದನ್ನು ಕಲಿಸಲಾಗದು

ಪ್ರಾಥಮಿಕ ಶಾಲೆಯ ಗಣಿತದ ಬಗ್ಗೆ ನಮ್ಮಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಮಗುವಿಗೆ ಮಗ್ಗಿ ಬಾಯಿಗೆ ಬಂದರೆ ಭಾಗಾಕಾರ ತಾನಾಗಿ ಬರುತ್ತದೆ. ಬರಲಿಲ್ಲವೆಂದರೆ ಮಗ್ಗಿ ಸಾಲದೆಂದು ಅರ್ಥ, ಇನ್ನಷ್ಟು ಉರು ಹೊಡೆಸಬೇಕು. ಭಾಗಿಸು, ಗುಣಿಸು, ಕಳೆ, ಇಳಿಸು ಎಂಬ ನಾಲ್ಕು ಹೆಜ್ಜೆಗಳನ್ನು ನೂರು ಲೆಕ್ಕಗಳಲ್ಲಿ ತಿದ್ದಿಸಿದರೆ ಕೈ ಕುದುರುತ್ತದೆ. ಇನ್ನು ಒಂದು ಸಂಖ್ಯೆಯಿಂದ ಇನ್ನೊಂದನ್ನು ಮತ್ತೆ ಮತ್ತೆ ಕಳೆದು, ಎಷ್ಟು ಸಲ ಕಳೆದೆವೆಂದು ಎಣಿಸುವುದು ಚಿಕ್ಕ ತರಗತಿಯ ಒಂದು ಪುಟದ ಆಟ. ಅದನ್ನು ಬೇಗ ಮುಗಿಸಿ 'ನಿಜವಾದ' ಭಾಗಾಕಾರಕ್ಕೆ ಹೋಗಬೇಕು. ಮೇಷ್ಟ್ರು, ಟ್ಯೂಷನ್ ಹೇಳುವವರು, ತಂದೆತಾಯಿ ಹೆಚ್ಚುಕಡಿಮೆ ಎಲ್ಲರೂ ಇದನ್ನು ಒಪ್ಪಿಕೊಂಡಿದ್ದಾರೆ.

ನಾನು ಒಪ್ಪುವುದಿಲ್ಲ. ಮತ್ತೆ ಮತ್ತೆ ಕಳೆಯುವುದೇ ಭಾಗಾಕಾರದ ತಿರುಳು. ಅದಕ್ಕೆ ಒಂದೇ ಪುಟ ಕೊಟ್ಟು ಕೈತೊಳೆದುಕೊಂಡದ್ದರಿಂದ ನಮ್ಮ ಮಕ್ಕಳು ಭಾಗಾಕಾರದಲ್ಲಿ ಎಡವುತ್ತಿದ್ದಾರೆ. ಎಡವಿದ ಮಕ್ಕಳಿಗೆ ನಾವು ಕೊಡುತ್ತಿರುವ ಮದ್ದು ಅವರನ್ನು ಎಡವಿಸಿದ ಅದೇ ನಾಲ್ಕು ಹೆಜ್ಜೆ.

ಎಷ್ಟು ಮಕ್ಕಳು ಎಡವುತ್ತಿದ್ದಾರೆಂದು ಮೊದಲು ನೋಡೋಣ. ಗ್ರಾಮೀಣ ಭಾರತದಲ್ಲಿ ಮನೆಮನೆಗೆ ಹೋಗಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯಲ್ಲಿ ಗಣಿತದ ಅತಿ ಮೇಲಿನ ಮಟ್ಟವೆಂದರೆ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವುದು. 2022ರಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಆ ಲೆಕ್ಕ ಮಾಡಬಲ್ಲವರು ಶೇ. 25.6. 2024ರಲ್ಲಿ ಶೇ. 30.7. ಎಂಟನೇ ತರಗತಿಗೆ ಬಂದರೂ ಅದು ಶೇ. 45.8ಕ್ಕೆ ನಿಂತಿದೆ. ಅಂದರೆ ಎಂಟು ವರ್ಷ ಶಾಲೆಯಲ್ಲಿ ಕುಳಿತ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ಲೆಕ್ಕ ಬಾರದು. ಈ ಮಕ್ಕಳು ಮಗ್ಗಿ ಹೇಳದೆ ಬೆಳೆದವರೇನಲ್ಲ. ಬೆಳಗಿನ ಹೊತ್ತು ಶಾಲೆಯ ಮುಂದೆ ಹಾದುಹೋದವರಿಗೆ ಮಗ್ಗಿಯ ದನಿ ಕೇಳದ ಊರು ಯಾವುದಿದೆ?

ಅಸರ್‌ನ ಮೆಟ್ಟಿಲುಗಳಲ್ಲಿ ಭಾಗಾಕಾರಕ್ಕೆ ಒಂದು ಮೆಟ್ಟಿಲು ಕೆಳಗಿರುವುದು ಎರಡಂಕಿಯ ವ್ಯವಕಲನ, ಅದೂ ದಶಕ ತೆಗೆದುಕೊಂಡು ಕಳೆಯುವ ಲೆಕ್ಕ. ಅಲ್ಲಿಯವರೆಗೆ ಬಂದು ನಿಂತ ಮಗುವಿಗೆ ಕಳೆಯುವುದು ಗೊತ್ತು. ಆ ಮಗುವಿನ ಕೈಯಲ್ಲಿರುವ ಬಲ ಅದು. ಆ ಬಲವನ್ನೇ ಹಿಡಿದು ಮುಂದೆ ನಡೆಸುವ ದಾರಿ ಇರುವಾಗ, ಅದು ಇಲ್ಲಿ ಕೆಲಸಕ್ಕೆ ಬಾರದು, ಇಗೋ ಹೊಸ ನಾಲ್ಕು ಹೆಜ್ಜೆ ಎಂದು ನಾವು ಮತ್ತೆ ಮೊದಲಿನಿಂದ ಶುರುಮಾಡಿಸುತ್ತೇವೆ.

ಆ ಹೆಜ್ಜೆಗಳು ಮಗುವಿನ ಕೈಯಲ್ಲಿ ಏನಾಗುತ್ತವೆಂಬುದಕ್ಕೆ 618ನ್ನು 6ರಿಂದ ಭಾಗಿಸುವ ಲೆಕ್ಕವನ್ನೇ ತೆಗೆದುಕೊಳ್ಳಿ. ಆರೊಂದ್ಲ ಆರು. ಕಳೆದರೆ ಸೊನ್ನೆ. ಒಂದನ್ನು ಇಳಿಸು. ಒಂದರಲ್ಲಿ ಆರು ಹೋಗುವುದಿಲ್ಲ. ಎಂಟನ್ನು ಇಳಿಸು. ಆರ್ಮೂರ್ಲ ಹದಿನೆಂಟು. ಉತ್ತರ 13. ಮೇಷ್ಟ್ರು ಕೆಂಪು ಗೆರೆ ಎಳೆದು 'ಸೊನ್ನೆ ಮರೆತೆ' ಎಂದು ಬರೆಯುತ್ತಾರೆ. ಮರೆವಿನ ದೋಷ ಎಂದು ಎಲ್ಲರೂ ಸುಮ್ಮನಾಗುತ್ತಾರೆ.

ಅದು ಮರೆವಿನ ದೋಷವಲ್ಲ. ಆರುನೂರಕ್ಕೂ ಮೇಲಿನ ಸಂಖ್ಯೆಯಲ್ಲಿ ಆರು ಹದಿಮೂರೇ ಸಲ ಹೇಗಿದ್ದೀತು ಎಂಬ ಅನುಮಾನ ಆ ಮಗುವಿಗೆ ಹುಟ್ಟಲಿಲ್ಲ. ಮಗ್ಗಿ ಬಲ್ಲ ಮಗುವಿಗೆ ಆರ್ಹತ್ಲ ಅರವತ್ತು ಎಂಬುದು ಗೊತ್ತು. ಆದರೂ ಅನುಮಾನ ಹುಟ್ಟಲಿಲ್ಲ. ಯಾಕೆಂದರೆ ಲೆಕ್ಕ ಶುರುವಾದ ಕ್ಷಣದಿಂದ 618 ಎಂಬ ಸಂಖ್ಯೆ ಆ ಮಗುವಿನ ಕಣ್ಣ ಮುಂದೆ ಇರಲೇ ಇಲ್ಲ. ಅಲ್ಲಿದ್ದದ್ದು ಆರು, ಒಂದು, ಎಂಟು ಎಂಬ ಮೂರು ಬಿಡಿ ಅಂಕಿಗಳು. 'ಆರೊಂದ್ಲ ಆರು' ಎಂದಾಗ ನಿಜವಾಗಿ ಆದದ್ದು ಆರುನೂರನ್ನು ಕಳೆದದ್ದು. 'ಒಂದರಲ್ಲಿ ಆರು ಹೋಗುವುದಿಲ್ಲ' ಎಂದಾಗ ಆ ಒಂದು ನಿಜವಾಗಿ ಹತ್ತು. ಹತ್ತರಲ್ಲಿ ಆರು ಹೋಗುತ್ತದೆಯೆಂದು ಮಗುವಿಗೆ ಗೊತ್ತು. ಹೋಗುವುದಿಲ್ಲ ಎಂದು ಹೇಳಿಸುವವರು ನಾವು. ಸ್ಥಾನಬೆಲೆಯನ್ನು ಒಂದನೇ ತರಗತಿಯಿಂದ ಕಲಿಸುತ್ತ ಬಂದು, ಅದು ಅತಿ ಹೆಚ್ಚು ಬೇಕಾದ ಜಾಗದಲ್ಲಿ ಅದನ್ನು ಮರೆತುಬಿಡು ಎನ್ನುತ್ತೇವೆ.

ಈಗ ಇದೇ ಲೆಕ್ಕವನ್ನು ಕಳೆಯುತ್ತ ಮಾಡಿ. 618 ಇದೆ, ಆರಾರು ತೆಗೆಯಬೇಕು. ಆರನ್ನು ನೂರು ಸಲ ಒಟ್ಟಿಗೆ ತೆಗೆದರೆ 600 ಹೋಯಿತು, ಉಳಿದದ್ದು 18. ಇನ್ನು ಮೂರು ಸಲ ತೆಗೆದರೆ ಏನೂ ಉಳಿಯದು. ನೂರು ಸಲ, ಮೂರು ಸಲ, ಒಟ್ಟು 103 ಸಲ. ಇಲ್ಲಿ ಮರೆಯುವುದಕ್ಕೆ ಸೊನ್ನೆಯೇ ಇಲ್ಲ. ನೂರಕ್ಕೆ ಮೂರು ಕೂಡಿದರೆ ಹದಿಮೂರಾಗದು ಎಂದು ಎರಡನೇ ತರಗತಿಯ ಮಗುವೂ ಹೇಳುತ್ತದೆ.

'ಅಯ್ಯೋ, ಆರಾರು ಕಳೆಯುತ್ತ ಕೂತರೆ ನೂರಮೂರು ಸಾಲು ಬರೆಯಬೇಕಲ್ಲ' ಎಂಬುದು ಈ ವಿಧಾನದ ಮೇಲಿರುವ ಮೊದಲ ಮತ್ತು ಅತಿ ಹಳೆಯ ಆಕ್ಷೇಪ. ಮೇಲಿನ ಲೆಕ್ಕವೇ ಅದಕ್ಕೆ ಉತ್ತರ: ಬರೆದದ್ದು ಎರಡೇ ಸಾಲು. ಮತ್ತೆ ಮತ್ತೆ ಕಳೆಯಬೇಕೆಂದರೆ ಒಂದೊಂದೇ ಸಲ ಕಳೆಯಬೇಕೆಂದು ಯಾರು ಹೇಳಿದರು? ಪಠ್ಯಪುಸ್ತಕದ ಆ ಒಂದು ಪುಟ 12ರಿಂದ ಮೂರು ಮೂರು ಕಳೆಸಿ ಅಲ್ಲಿಗೆ ಕೈಬಿಡುತ್ತದೆ. ಹತ್ತು ಸಲದ್ದನ್ನು, ನೂರು ಸಲದ್ದನ್ನು ಒಟ್ಟಿಗೆ ಕಳೆಯಬಹುದೆಂಬ ಮುಂದಿನ ಮಾತನ್ನು ಮಗುವಿಗೆ ಹೇಳುವುದೇ ಇಲ್ಲ. ಅರ್ಧಕ್ಕೆ ಕೈಬಿಟ್ಟವರು ನಾವು, ನಿಧಾನದ ದೂರು ಮಾತ್ರ ವಿಧಾನದ ಮೇಲೆ.

952ನ್ನು 7ರಿಂದ ಭಾಗಿಸುವ ಲೆಕ್ಕವನ್ನು ಮೂವರು ಮಕ್ಕಳಿಗೆ ಕೊಟ್ಟರೆ ಏನಾಗಬಹುದೆಂದು ನೋಡಿ. ಒಬ್ಬಳು ಹತ್ತರ ಆಚೆಗೆ ಹೋಗಲು ಅಂಜುತ್ತಾಳೆ. ಎಪ್ಪತ್ತು ಎಪ್ಪತ್ತಾಗಿ ಹದಿಮೂರು ಸಲ ಕಳೆಯುತ್ತಾಳೆ, 42 ಉಳಿಯುತ್ತದೆ, ಅದರಲ್ಲಿ ಏಳು ಆರು ಸಲ. ಉತ್ತರ 136. ಇನ್ನೊಬ್ಬ ಐವತ್ತರ ಲೆಕ್ಕ ಹಿಡಿಯುತ್ತಾನೆ: 350, ಮತ್ತೆ 350, ಉಳಿದದ್ದು 252, ಅದರಲ್ಲಿ ಇಪ್ಪತ್ತು ಸಲಕ್ಕೆ 140, ಹತ್ತು ಸಲಕ್ಕೆ 70, ಆರು ಸಲಕ್ಕೆ 42. ಐವತ್ತು, ಐವತ್ತು, ಇಪ್ಪತ್ತು, ಹತ್ತು, ಆರು ಕೂಡಿದರೆ 136. ಮೂರನೆಯವಳು ಒಂದೇ ಸಲಕ್ಕೆ 700 ತೆಗೆಯುತ್ತಾಳೆ, ಆಮೇಲೆ 210, ಆಮೇಲೆ 42. ನೂರು, ಮೂವತ್ತು, ಆರು. ಮೂವರದ್ದೂ ಸರಿ, ಮೂವರೂ ತಾವು ಮಾಡಿದ್ದು ಏನೆಂದು ವಿವರಿಸಬಲ್ಲರು. ಪುಸ್ತಕ ತಿದ್ದುವ ಮೇಷ್ಟ್ರಿಗೆ ಪ್ರತಿ ಮಗು ಎಲ್ಲಿದೆಯೆಂದು ಒಂದು ನೋಟಕ್ಕೆ ತಿಳಿಯುತ್ತದೆ. ಮೊದಲನೆಯವಳಿಗೆ ಮುಂದಿನ ಪಾಠ ಏನಿರಬೇಕೆಂಬುದೂ ಅಲ್ಲಿಯೇ ಬರೆದಿದೆ.

ಮೂರನೆಯ ಹುಡುಗಿ ಬರೆದದ್ದನ್ನು ಇನ್ನೊಮ್ಮೆ ನೋಡಿ. ನೂರರ ಸ್ಥಾನದಲ್ಲಿ ಆಗುವಷ್ಟು ದೊಡ್ಡದನ್ನು ಕಳೆದಳು, ಹತ್ತರ ಸ್ಥಾನದಲ್ಲಿ ಆಗುವಷ್ಟು, ಬಿಡಿಯಲ್ಲಿ ಆಗುವಷ್ಟು. ನಮ್ಮ ನಾಲ್ಕು ಹೆಜ್ಜೆಯ ಭಾಗಾಕಾರ ಇದೇ. ಸೊನ್ನೆಗಳನ್ನು ಬರೆಯದೆ ಬಿಟ್ಟಿದ್ದೇವೆ, ಅಷ್ಟೇ ವ್ಯತ್ಯಾಸ. ಆ ನಾಲ್ಕು ಹೆಜ್ಜೆಗಳಲ್ಲಿ 'ಕಳೆ' ಎಂಬುದು ಯಾಕಿದೆಯೆಂದು ಐದನೇ ತರಗತಿಯ ಯಾವ ಮಗುವನ್ನಾದರೂ ಕೇಳಿ. 'ಹಾಗೇ ಮಾಡಬೇಕು' ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಕಳೆಯುತ್ತ ಬಂದ ಮಗುವಿಗೆ ಆ ಪ್ರಶ್ನೆಯೇ ಬೇಕಿಲ್ಲ. ಹಾಗಾಗಿ ನಾಲ್ಕು ಹೆಜ್ಜೆಯ ವಿಧಾನವನ್ನು ಶಾಲೆಯಿಂದ ಓಡಿಸಬೇಕೆಂದು ನಾನು ವಾದಿಸುತ್ತಿಲ್ಲ. ಅದು ಮಗು ತಾನೇ ನಡೆದು ತಲುಪಬೇಕಾದ ಜಾಗ. ಮೊದಲ ದಿನವೇ ಅಲ್ಲಿ ಎತ್ತಿ ಕೂರಿಸಿದರೆ ಮಗುವಿಗೆ ತಾನೆಲ್ಲಿದ್ದೇನೆಂದೇ ಗೊತ್ತಾಗದು.

ಹಿಂದಿನವರು ಹೀಗೆ ಕೂರಿಸಿರಲಿಲ್ಲ. ಭಾರತದಲ್ಲಿ ಭಾಗಾಕಾರ ನಡೆಯುತ್ತಿದ್ದದ್ದು ದೂಳು ಹರಡಿದ ಹಲಗೆಯ ಮೇಲೆ. ಭಾಜ್ಯದ ಕೆಳಗೆ ಭಾಜಕವನ್ನು ಬರೆದು, ಎಡಗಡೆಯಿಂದ ಕಳೆಯುತ್ತ, ಕಳೆದ ಅಂಕಿಗಳನ್ನು ಅಳಿಸಿ ಉಳಿದದ್ದನ್ನು ಅಲ್ಲೇ ಬರೆದು, ಭಾಜಕವನ್ನು ಬಲಕ್ಕೆ ಸರಿಸುತ್ತಿದ್ದರು. ಈ ಕ್ರಮ ಅರಬರ ಮೂಲಕ ಯುರೋಪಿಗೂ ಹೋಯಿತು. ಅದರಲ್ಲಿ ಗಮನಿಸಬೇಕಾದದ್ದು ಒಂದಿದೆ. ಯಾವ ಕ್ಷಣದಲ್ಲಿ ನೋಡಿದರೂ ಹಲಗೆಯ ಮೇಲೆ ಇನ್ನೂ ಉಳಿದಿರುವ ಸಂಖ್ಯೆ ಇಡಿಯಾಗಿ ಕಾಣುತ್ತಿತ್ತು. ಇಂದಿನ 'ಇಳಿಸು' ಪದ್ಧತಿಯಲ್ಲಿ ಅದು ಕಾಣುವುದಿಲ್ಲ. ಉಳಿದ ಅಂಕಿಗಳು ಮೇಲೆ ತಮ್ಮ ಸರದಿ ಕಾಯುತ್ತ ಕೂತಿರುತ್ತವೆ. ಸುಮಾರು 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯ ಭಾಜಕವನ್ನು ಭಾಜ್ಯದ ಕೆಳಗಿಟ್ಟು, ಎರಡಕ್ಕೂ ಸಾಮಾನ್ಯವಾದ ಅಪವರ್ತನಗಳನ್ನು ತೆಗೆದುಹಾಕಿ ಭಾಗಿಸುವ ಕ್ರಮವನ್ನು ಹೇಳುತ್ತಾನೆ. ಭಾಗಿಸುವ ಮುಂಚೆ ಎರಡು ಸಂಖ್ಯೆಗಳನ್ನೂ ಇಡಿಯಾಗಿ ನೋಡು ಎಂಬುದೇ ಅದರ ಬೋಧೆ. ಗ್ರೀಕರ ಯೂಕ್ಲಿಡ್ ತನ್ನ ಏಳನೇ ಪುಸ್ತಕದ ಮೊದಲ ಪ್ರಮೇಯದಲ್ಲೇ ದೊಡ್ಡದರಿಂದ ಚಿಕ್ಕದನ್ನು ಮತ್ತೆ ಮತ್ತೆ ಕಳೆಯುತ್ತ ಹೋಗುತ್ತಾನೆ. ಮಹತ್ತಮ ಸಾಮಾನ್ಯ ಅಪವರ್ತನವನ್ನು ಕಂಡುಹಿಡಿಯುವ ದಾರಿ ಇಂದಿಗೂ ಅದೇ.

ಯಂತ್ರಗಳ ಮಾತೂ ಹೀಗೆಯೇ. ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರ್ ಬರುವ ಮುಂಚೆ ಕಚೇರಿಗಳಲ್ಲಿ, ಸಂಖ್ಯಾಶಾಸ್ತ್ರ ವಿಭಾಗಗಳಲ್ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರಗಳಿದ್ದವು. ಅವುಗಳಲ್ಲಿ ಭಾಗಿಸಬೇಕಾದರೆ ಹಿಡಿಯನ್ನು ಹಿಂದಕ್ಕೆ ತಿರುಗಿಸಬೇಕು. ಪ್ರತಿ ಸುತ್ತಿಗೆ ಭಾಜಕ ಒಮ್ಮೆ ಕಳೆಯುತ್ತದೆ. ಹೆಚ್ಚು ಕಳೆದಾಗ ಗಂಟೆ ಬಾರಿಸುತ್ತದೆ. ಒಂದು ಸುತ್ತು ಮುಂದಕ್ಕೆ ತಿರುಗಿಸಿ ಸರಿಮಾಡಿಕೊಂಡು, ಒಂದು ಸ್ಥಾನ ಸರಿಸಿ ಮತ್ತೆ ತಿರುಗಿಸಬೇಕು. ಎಷ್ಟು ಸುತ್ತು ತಿರುಗಿಸಿದೆವೆಂಬುದೇ ಭಾಗಲಬ್ಧ. 1945ರಲ್ಲಿ ಸಿದ್ಧವಾದ ಎನಿಯಾಕ್ ಎಂಬ ಮೊದಲ ತಲೆಮಾರಿನ ಗಣಕ ಕೂಡ ಭಾಜಕವನ್ನು ಮತ್ತೆ ಮತ್ತೆ ಕಳೆದು, ಮಿತಿ ಮೀರಿದಾಗ ಕೂಡಿ ಭಾಗಿಸುತ್ತಿತ್ತು. ಎಂಜಿನಿಯರುಗಳು ಗಣಕಕ್ಕೆ ಕಲಿಸಲು ಆರಿಸಿಕೊಂಡ ವಿಧಾನ ನಮ್ಮ ಮಕ್ಕಳಿಗೆ ಮಾತ್ರ ಒಂದು ಪುಟದ ಆಟವಾಗಿದೆ.

ಎರಡನೆಯ ಆಕ್ಷೇಪಕ್ಕೆ ಬರೋಣ. ಇದು ಸ್ವಲ್ಪ ಓದಿಕೊಂಡವರದ್ದು. ಭಾಗಾಕಾರಕ್ಕೆ ಎರಡು ಮುಖಗಳಿವೆ: ಇಷ್ಟಿಷ್ಟರ ಗುಂಪು ಎಷ್ಟಾಗುತ್ತವೆ ಎಂಬುದೊಂದು, ಇಷ್ಟು ಜನಕ್ಕೆ ಹಂಚಿದರೆ ತಲೆಗೆ ಎಷ್ಟು ಎಂಬುದಿನ್ನೊಂದು. ಕಳೆಯುವ ವಿಧಾನ ಮೊದಲನೆಯದಕ್ಕೆ ಸರಿ, ಎರಡನೆಯದಕ್ಕೆ ಒಗ್ಗದು ಎನ್ನುತ್ತಾರೆ. ಒಗ್ಗದೆ ಏನು? ಪಂಕ್ತಿಯಲ್ಲಿ 24 ಜನ ಕೂತಿದ್ದಾರೆ, ಬುಟ್ಟಿಯಲ್ಲಿ 96 ಹೋಳಿಗೆ ಇದೆ. ಬಡಿಸುವವರು ಒಂದು ಸುತ್ತು ಹೋದರೆ ಬುಟ್ಟಿಯಿಂದ 24 ಹೋಗುತ್ತದೆ. ಎರಡನೇ ಸುತ್ತಿಗೆ ಇನ್ನು 24. ನಾಲ್ಕು ಸುತ್ತಿಗೆ ಬುಟ್ಟಿ ಖಾಲಿ. ಎಷ್ಟು ಸುತ್ತು ಬಡಿಸಿದರೋ ಅಷ್ಟೇ ಪ್ರತಿ ಎಲೆಯ ಮೇಲೂ ಬಿದ್ದಿದೆ. ಹಂಚುವುದೂ ಕಳೆಯುವುದೇ ಎಂಬುದನ್ನು ಮಗು ಹಬ್ಬದ ಮನೆಯಲ್ಲಿ ಕಣ್ಣಾರೆ ನೋಡಿರುತ್ತದೆ. ಎರಡು ಮುಖಗಳನ್ನು ಒಂದೇ ಕ್ರಿಯೆಯಲ್ಲಿ ಕೂಡಿಸಿ ತೋರಿಸಬಲ್ಲ ವಿಧಾನ ಇದು. ನಾಲ್ಕು ಹೆಜ್ಜೆಯ ವಿಧಾನ ಎರಡರಲ್ಲಿ ಒಂದನ್ನೂ ತೋರಿಸುವುದಿಲ್ಲ.

ಮೂರನೆಯ ಆಕ್ಷೇಪ ಗಣಿತಜ್ಞರದ್ದು, ಅದನ್ನು ಗೌರವದಿಂದಲೇ ಎದುರಿಸಬೇಕು. ಗಣಿತಜ್ಞ ಕೀತ್ ಡೆವ್ಲಿನ್ 2008ರಲ್ಲಿ, ಗುಣಾಕಾರವೆಂದರೆ ಪುನರಾವರ್ತಿತ ಸಂಕಲನ ಎಂದು ಮಕ್ಕಳಿಗೆ ಹೇಳಿಕೊಡಬೇಡಿ, ಅದು ತಪ್ಪು ಎಂದು ಬರೆದು ದೊಡ್ಡ ಚರ್ಚೆ ಎಬ್ಬಿಸಿದರು. ಆ ಮಾತನ್ನು ಭಾಗಾಕಾರಕ್ಕೂ ಹೊಂದಿಸುವವರಿದ್ದಾರೆ. ಋಣ ಸಂಖ್ಯೆಗಳನ್ನು, ಅರ್ಧವನ್ನು ಮೂರರಿಂದ ಭಾಗಿಸುವುದನ್ನು, ಬೀಜಗಣಿತದ ಭಾಗಾಕಾರವನ್ನು ಕಳೆಯುವುದರಿಂದ ವಿವರಿಸಲಾಗದು ಎಂಬುದು ಅವರ ವಾದ. ಆ ವಾದದಲ್ಲಿ ಹುರುಳಿದೆ. ಋಣ ಹನ್ನೆರಡನ್ನು ಮೂರರಿಂದ ಭಾಗಿಸುವಾಗ 'ಎಷ್ಟು ಸಲ ಕಳೆದೆ' ಎಂದು ಕೇಳುವುದು ಅಸಂಬದ್ಧ. ಭಾಗಾಕಾರವು ಗುಣಾಕಾರದ ವಿಲೋಮ ಎಂಬ ವಿಶಾಲ ಅರ್ಥವನ್ನು ಮಗು ಮುಂದೆ ಕಲಿಯಲೇಬೇಕು.

ಆದರೆ ಆ ವಾದವನ್ನು ಹಿಡಿದು ನಾಲ್ಕನೇ ತರಗತಿಯ ಮಗುವಿನ ಕೈಯಿಂದ ಕಳೆಯುವುದನ್ನು ಕಿತ್ತುಕೊಂಡರೆ ಅದರ ಜಾಗಕ್ಕೆ ಬರುವುದು ಡೆವ್ಲಿನ್ ಬಯಸುವ ವಿಶಾಲ ಅರ್ಥವಲ್ಲ, ಅರ್ಥವೇ ಇಲ್ಲದ ನಾಲ್ಕು ಹೆಜ್ಜೆ. ಅಲ್ಲದೆ ವಿಲೋಮ ಎಂಬುದೂ ಕಳೆಯುವಾಗಲೇ ಕಾಣುತ್ತದೆ: 136 ಸಲ ಏಳನ್ನು ತೆಗೆದ ಮಗು 136 ಏಳುಗಳನ್ನು ಮರಳಿ ಸೇರಿಸಿದರೆ 952 ಬರುತ್ತದೆಂದು ತಾನೇ ಹೇಳುತ್ತದೆ. ಭಿನ್ನರಾಶಿಯಲ್ಲೂ ಕಳೆಯುವುದು ಜನ ತಿಳಿದಿರುವುದಕ್ಕಿಂತ ದೂರ ಹೋಗುತ್ತದೆ. ಮೂರು ಕಿಲೋ ಸಕ್ಕರೆಯಿಂದ ಕಾಲು ಕಿಲೋ ಪೊಟ್ಟಣ ಎಷ್ಟಾಗುತ್ತವೆ? ಒಂದು ಕಿಲೋದಲ್ಲಿ ನಾಲ್ಕು, ಮೂರು ಕಿಲೋದಲ್ಲಿ ಹನ್ನೆರಡು. ಮೂರನ್ನು ಕಾಲರಿಂದ ಭಾಗಿಸಿದರೆ ಉತ್ತರ ಮೂರಕ್ಕಿಂತ ದೊಡ್ಡದು ಯಾಕೆ ಎಂಬ ಗೊಂದಲ ಈ ಮಗುವಿಗೆ ಹುಟ್ಟದು. 'ತಿರುಗಿಸಿ ಗುಣಿಸು' ಎಂಬ ಸೂತ್ರವನ್ನು ಮಾತ್ರ ಕಲಿತ ಮಗುವಿಗೆ ಆ ಗೊಂದಲ ಕೊನೆಯವರೆಗೂ ಹೋಗದು. ಸೊನ್ನೆಯಿಂದ ಯಾಕೆ ಭಾಗಿಸಬಾರದು ಎಂಬುದಕ್ಕೂ ಇದಕ್ಕಿಂತ ತಿಳಿಯಾದ ಉತ್ತರ ಚಿಕ್ಕ ತರಗತಿಗಳಲ್ಲಿ ಇಲ್ಲ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದು ಮಹಾವೀರಾಚಾರ್ಯನೇ ಬರೆದಿದ್ದಾನೆ. ಸೊನ್ನೆಯನ್ನು ಕಳೆದರೆ ಸಂಖ್ಯೆ ಬದಲಾಗದು, ನಿಜ. ಆದರೆ ಭಾಗಾಕಾರ ಕೇಳುವುದು ಎಷ್ಟು ಸಲ ಕಳೆದರೆ ಮುಗಿಯುತ್ತದೆ ಎಂದು. ಅದು ಮುಗಿಯುವುದೇ ಇಲ್ಲ. ಹತ್ತು ವರ್ಷದ ಮಗುವಿಗೆ ಇದನ್ನು ಹಲಗೆಯ ಮೇಲೆ ಒಂದು ನಿಮಿಷದಲ್ಲಿ ತೋರಿಸಬಹುದು.

ನಾಲ್ಕು ಹೆಜ್ಜೆಯ ಭಾಗಾಕಾರ ಚೆನ್ನಾಗಿಯೇ ಬರುವ ಮಕ್ಕಳಿಗೆ ಏನಾಗುತ್ತದೆ ಎಂಬುದೂ ಮುಖ್ಯ. 1983ರಲ್ಲಿ ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ ಹದಿಮೂರು ವರ್ಷದವರಿಗೆ ಒಂದು ಲೆಕ್ಕ ಕೊಟ್ಟರು: ಒಂದು ಬಸ್ಸಿಗೆ 36 ಸೈನಿಕರು ಹಿಡಿಸುತ್ತಾರೆ, 1128 ಸೈನಿಕರಿಗೆ ಎಷ್ಟು ಬಸ್ಸು ಬೇಕು? ಸುಮಾರು ಶೇ. 70 ಮಕ್ಕಳು ಭಾಗಾಕಾರವನ್ನು ಸರಿಯಾಗಿ ಮಾಡಿದರು. 32 ಬಸ್ಸು ಎಂದು ಬರೆದವರು ಕಾಲು ಭಾಗಕ್ಕಿಂತಲೂ ಕಡಿಮೆ. ಶೇ. 29 ಮಂದಿ '31, ಶೇಷ 12' ಎಂದು ಬರೆದು ಸುಮ್ಮನಾದರು. ಹೆಜ್ಜೆಗಳೆಲ್ಲ ಸರಿ, ಆದರೆ ಆ ಹನ್ನೆರಡು ಮನುಷ್ಯರೆಂಬುದು ಅವರಿಗೆ ಹೊಳೆಯಲಿಲ್ಲ. ಹತ್ತು ಬಸ್ಸಿಗೆ 360 ಜನ ಹೋದರು, ಇನ್ನು ಹತ್ತಕ್ಕೆ 360, ಇನ್ನು ಹತ್ತಕ್ಕೆ 360, ಉಳಿದದ್ದು 48. ಇನ್ನೊಂದು ಬಸ್ಸಿಗೆ 36 ಎಂದು ಕಳೆಯುತ್ತ ಬಂದವರಿಗೆ ಕೊನೆಯಲ್ಲಿ ಉಳಿದ ಹನ್ನೆರಡು ನಿಲ್ದಾಣದಲ್ಲಿ ನಿಂತ ಹನ್ನೆರಡು ಜನವೇ.

ಶಾಲೆಯ ಹೊರಗೆ ಲೆಕ್ಕ ಮಾಡುವವರು ಈ ದಾರಿಯನ್ನು ಯಾರ ಅಪ್ಪಣೆಯೂ ಇಲ್ಲದೆ ಹಿಡಿದಿದ್ದಾರೆ. ಬ್ರೆಜಿಲಿನ ರೆಸಿಫೆ ನಗರದ ಬೀದಿಯಲ್ಲಿ ವ್ಯಾಪಾರ ಮಾಡುವ ಮಕ್ಕಳನ್ನು ಮೂವರು ಸಂಶೋಧಕರು ಅಧ್ಯಯನ ಮಾಡಿ 1985ರಲ್ಲಿ ಪ್ರಕಟಿಸಿದರು. ಬೀದಿಯ ವ್ಯಾಪಾರದ ಲೆಕ್ಕಗಳಲ್ಲಿ ಶೇ. 98ರಷ್ಟು ಸರಿ ಉತ್ತರ ಕೊಟ್ಟ ಆ ಮಕ್ಕಳು, ಅದೇ ಬಗೆಯ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಬರೆದುಕೊಟ್ಟಾಗ ಶೇ. 37ಕ್ಕೆ ಇಳಿದರು. ಬೀದಿಯಲ್ಲಿ ಅವರು ಇಡೀ ಸಂಖ್ಯೆಗಳನ್ನು ಅನುಕೂಲದ ತುಂಡುಗಳಾಗಿ ಕೂಡುತ್ತಿದ್ದರು, ಕಳೆಯುತ್ತಿದ್ದರು. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳ ಮಕ್ಕಳ ಬಗ್ಗೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ಕಂದರವನ್ನು ತೋರಿಸಿತು. ನಮ್ಮ ಹೂವಾಡಗಿತ್ತಿಯನ್ನೇ ಕೇಳಿ: ಮಾರಿಗೆ ನಲವತ್ತು ರೂಪಾಯಿ, ಐನೂರಕ್ಕೆ ಎಷ್ಟು ಮಾರು? ನಾನೂರಕ್ಕೆ ಹತ್ತು, ಎಂಬತ್ತಕ್ಕೆ ಎರಡು, ಇಪ್ಪತ್ತು ಉಳೀತು, ಅರ್ಧ ಮಾರು. ಹನ್ನೆರಡೂವರೆ. ಈ ಬುದ್ಧಿಯನ್ನು ಮನೆಯಿಂದ ತಂದ ಮಗುವಿಗೆ, ಅದು ಲೆಕ್ಕವಲ್ಲ, ಪುಸ್ತಕದಲ್ಲಿರುವುದೇ ಲೆಕ್ಕ ಎನ್ನುವ ಶಾಲೆ ಆ ಮನೆಗೇ ಅವಮಾನ ಮಾಡುತ್ತಿದೆ.

ಕೊನೆಯದಾಗಿ ಪರೀಕ್ಷೆಯ ಮಾತು. 'ಕ್ರಮದಲ್ಲಿ ಬರೆಯದಿದ್ದರೆ ಅಂಕ ಹೋಗುತ್ತದೆ' ಎಂಬ ಹೆದರಿಕೆ ತಂದೆತಾಯಿಗಳಲ್ಲಿದೆ, ಸುಳ್ಳೂ ಅಲ್ಲ. ಆದರೆ ಪ್ರಶ್ನೆಪತ್ರಿಕೆ ಮಾಡುವವರೂ ಉತ್ತರ ತಿದ್ದುವವರೂ ನಾವೇ. 103 ಎಂಬ ಸರಿ ಉತ್ತರಕ್ಕೆ, ಅದು ಹೇಗೆ ಬಂತೆಂಬ ಸ್ಪಷ್ಟ ಬರವಣಿಗೆಗೆ ಪೂರ್ಣ ಅಂಕ ಕೊಡಲು ಯಾವ ಕಾನೂನೂ ಅಡ್ಡಬರುವುದಿಲ್ಲ.

ಹಾಗಾಗಿ ಕೇಳುವುದು ಇಷ್ಟು. ಮೂರನೇ ತರಗತಿಯ ಆ ಒಂದು ಪುಟವನ್ನು ನಾಲ್ಕು ಮತ್ತು ಐದನೇ ತರಗತಿಯವರೆಗೆ ಬೆಳೆಸಿ. ಮೊದಲು ಒಂದೊಂದಾಗಿ, ಆಮೇಲೆ ಹತ್ತರ ಗುಂಪಾಗಿ, ಆಮೇಲೆ ನೂರರ ಗುಂಪಾಗಿ ಕಳೆಯಲಿ. ಮಗ್ಗಿಯನ್ನು ಬಿಡಬೇಡಿ, ಆದರೆ ಏಳೊಂದ್ಲ ಏಳರ ಜೊತೆಗೆ ಏಳ್ಹತ್ಲ ಎಪ್ಪತ್ತು, ಏಳಿಪ್ಪತ್ಲ ನೂರನಲವತ್ತು ಎಂಬುದೂ ಮಗುವಿನ ಬಾಯಲ್ಲಿರಲಿ, ಕಳೆಯುವಾಗ ಬೇಕಾಗುವುದು ಅದೇ. ಲೆಕ್ಕ ಶುರುಮಾಡುವ ಮುಂಚೆ ಉತ್ತರ ಹತ್ತರ ಆಸುಪಾಸೋ ನೂರರ ಆಸುಪಾಸೋ ಎಂದು ಮಗು ಬಾಯಿಬಿಟ್ಟು ಹೇಳಲಿ. ನಾಲ್ಕು ಹೆಜ್ಜೆಯ ಕ್ರಮವನ್ನು ಐದನೇ ತರಗತಿಯ ಕೊನೆಗೆ, ಮಗು ತಾನು ಮಾಡುತ್ತಿರುವುದನ್ನೇ ಚಿಕ್ಕದಾಗಿ ಬರೆಯುವ ಬಗೆಯೆಂದು ತೋರಿಸಿ. ಇದಕ್ಕೆ ಹೊಸ ಕಟ್ಟಡ ಬೇಡ, ಟ್ಯಾಬ್ಲೆಟ್ ಬೇಡ, ಬಜೆಟ್ ಬೇಡ. ಕಳೆಯಲು ಬಲ್ಲ ಪ್ರತಿ ಮಗುವೂ ಭಾಗಿಸಬಲ್ಲದು. ಎಂಟನೇ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಭಾಗಿಸಲಾರದೆ ಕೂತಿರುವುದಕ್ಕೆ ಆ ಮಕ್ಕಳ ಬುದ್ಧಿಯನ್ನು ದೂರುವುದನ್ನು ನಿಲ್ಲಿಸಿ, ಕಲಿಸುವ ಕ್ರಮವನ್ನು ಈ ವರ್ಷದಿಂದಲೇ ಬದಲಿಸಬೇಕು.